ಗುರುತಿಲ್ಲದ ಕೈಗಳು

ಮನುಷ್ಯನು ತನ್ನವರಿಗೆ ಕೊಡುತ್ತಾನೆ. ಮಗಳಿಗೆ, ತಮ್ಮನಿಗೆ, ನೆರೆಮನೆಯ ವಿಧವೆಗೆ, ತನ್ನ ಮೊಹಲ್ಲಾದ ಬಡವನಿಗೆ ಕೊಡುವಾಗ ಅವನ ಕೈ ಅಷ್ಟಾಗಿ ಹಿಂಜರಿಯುವುದಿಲ್ಲ. ಅವರ ಕಷ್ಟವನ್ನು ಅವನು ಕಣ್ಣಾರೆ ಕಂಡಿರುತ್ತಾನೆ. ಇಂದು ಕೊಟ್ಟದ್ದಕ್ಕೆ ನಾಳೆ ಒಂದು ಸಲಾಮ್ ಆದರೂ ಮರಳಿ ಬರುತ್ತದೆ. ಆದರೆ ಹಿಂದೆಂದೂ ಕಾಣದ, ಮುಂದೆಂದೂ ಕಾಣಲಾರದ, ತನ್ನ ಊರಿಗೂ ವಂಶಕ್ಕೂ ಸೇರದ ಒಬ್ಬನು ಎದುರಿಗೆ ನಿಂತಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಆಗ ನಮ್ಮ ಕೈಗಿಂತ ಮೊದಲು ನಾಲಿಗೆ ಮುಂದೆ ಬರುತ್ತದೆ: ಎಲ್ಲಿಯವನು? ಯಾರ ಮಗ? ಏನು ಕೆಲಸ? ದುಡಿಯಬಾರದೇ?

ಝಕಾತ್‌ನ ಹಕ್ಕುದಾರರನ್ನು ಎಂಟು ವಿಭಾಗಗಳಾಗಿ ಎಣಿಸಲಾಗಿದೆಯೆಂಬುದು ನಮ್ಮ ಮಕ್ಕಳಿಗೂ ತಿಳಿದಿದೆ. ಆ ಪಟ್ಟಿಯ ಕೊನೆಯಲ್ಲಿ ಬರುವವನು ಇಬ್ನುಸ್ಸಬೀಲ್, ಅಂದರೆ ದಾರಿಹೋಕ. ಅವನಿಗೆ ತನ್ನ ಊರಿನಲ್ಲಿ ಮನೆ, ಜಮೀನು ಇದ್ದಿರಬಹುದು. ಆದರೆ ಈ ದಾರಿಯಲ್ಲಿ, ಈ ಹೊತ್ತಿನಲ್ಲಿ ಅವನ ಕೈ ಬರಿದಾಗಿದೆ. ಹಕ್ಕುದಾರನಾಗಲು ಅಷ್ಟು ಸಾಕು. ನಾವು ಬಡವ, ಸಾಲಗಾರ ಎಂಬಲ್ಲಿ ನಿಂತು ಯೋಚಿಸುತ್ತೇವೆ. ದಾರಿಹೋಕನ ಬಳಿಗೆ ಬರುವಾಗ, ಇದು ಒಂಟೆಯ ಕಾಲದ ಮಾತು ಎಂಬಂತೆ ಪುಟ ತಿರುಗಿಸಿಬಿಡುತ್ತೇವೆ.

ಈ ಸಲ ನಮ್ಮ ಪಾಠಕ್ಕೆ ಬಹುದೂರದ ಒಂದು ಉದಾಹರಣೆಯನ್ನು ಎತ್ತಿಕೊಳ್ಳೋಣ. ಅಮೆರಿಕದ ಪೂರ್ವಭಾಗದಲ್ಲಿ ಅಪಲಾಚಿಯನ್ ಎಂಬ ಬೆಟ್ಟಸೀಮೆಯಿದೆ. ಕೆಂಟಕಿ, ವರ್ಜೀನಿಯಾ, ಟೆನೆಸ್ಸಿ, ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ಹರಡಿರುವ ಈ ಸೀಮೆ ಕಲ್ಲಿದ್ದಲಿಗೂ ಬಡತನಕ್ಕೂ ಹೆಸರಾದದ್ದು. ಅಲ್ಲಿನ ಜನರ ಹಾಡುಗಾರಿಕೆಯ ಒಂದು ಬಗೆಗೆ ಬ್ಲೂಗ್ರಾಸ್ ಎಂದು ಹೆಸರು. ಬ್ಯಾಂಜೋ, ಪಿಟೀಲು, ಮ್ಯಾಂಡೊಲಿನ್, ಗಿಟಾರ್ ಮತ್ತು ಆಳೆತ್ತರದ ಬಾಸ್ ಎಂಬ ಐದು ತಂತಿವಾದ್ಯಗಳೊಂದಿಗೆ ಅದನ್ನು ಹಾಡುತ್ತಾರೆ. ಇವುಗಳಲ್ಲಿ ಬ್ಯಾಂಜೋ ಅಮೆರಿಕದಲ್ಲಿ ಹುಟ್ಟಿದ್ದಲ್ಲ. ಸೋರೆಬುರುಡೆಗೆ ಚರ್ಮ ಹೊದಿಸಿ ತಂತಿ ಕಟ್ಟುವ ವಾದ್ಯಗಳು ಪಶ್ಚಿಮ ಆಫ್ರಿಕದಲ್ಲಿದ್ದವು. ಗುಲಾಮರಾಗಿ ಹಡಗುಗಳಲ್ಲಿ ತುಂಬಿಸಲ್ಪಟ್ಟವರು ಅದರ ನೆನಪನ್ನು ಹೊತ್ತು ತಂದರು. ಹಾಗೆ ತರಲ್ಪಟ್ಟವರಲ್ಲಿ ಮುಸ್ಲಿಮರೂ ಅನೇಕರಿದ್ದರು ಎಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ.

ವಾದ್ಯಸಂಗೀತದ ಮಾತು ಬಂದಾಗ ಓದುಗರಲ್ಲಿ ಕೆಲವರು ಹುಬ್ಬೇರಿಸುವುದು ಸಹಜ. ಆ ಕುರಿತು ಉಲಮಾಗಳು ಏನು ಹೇಳಿದ್ದಾರೆ, ಅವರಲ್ಲಿ ಎಲ್ಲಿ ಭಿನ್ನಾಭಿಪ್ರಾಯವಿದೆ ಎಂಬ ಚರ್ಚೆ ಇಲ್ಲಿಯ ವಿಷಯವಲ್ಲ. ವಿಷಯವೇನೆಂದರೆ, ಹಸಿದವನೊಬ್ಬನು ನಾವು ಮೆಚ್ಚದ ಕಸುಬಿನವನಾಗಿದ್ದರೆ ಅವನ ಹಸಿವು ಕಡಿಮೆಯಾಗುತ್ತದೆಯೇ? ಈ ಪ್ರಶ್ನೆಗೆ ಮುಂದೆ ಮರಳಿ ಬರೋಣ.

ಮೊದಲು ಈ ಕಲಾವಿದರ ಬದುಕನ್ನು ನೋಡೋಣ. ಹೊರಗಿನಿಂದ ನೋಡುವವನಿಗೆ ಅಮೆರಿಕದ ಗಾಯಕನೆಂದರೆ ಕೋಟ್ಯಧೀಶ. ಆದರೆ ಬ್ಲೂಗ್ರಾಸ್ ಮಂದಿಯಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡಿ ರಾತ್ರಿ ಹಾಡುವವರು. ಪೂರ್ಣಕಾಲ ಇದನ್ನೇ ನಂಬಿದವರು ಒಂದು ಹಳೆಯ ವ್ಯಾನಿನಲ್ಲಿ ನಾಲ್ಕೈದು ಜನ ಕುಳಿತು ನೂರಾರು ಮೈಲಿ ಓಡುತ್ತಾರೆ. ಬಾಗಿಲಲ್ಲಿ ಸಂಗ್ರಹವಾದ ಟಿಕೆಟ್ ಹಣದಲ್ಲಿ ಪೆಟ್ರೋಲಿನ ಖರ್ಚು ಕಳೆದು ಉಳಿದುದನ್ನು ಐದು ಪಾಲು ಮಾಡುತ್ತಾರೆ. ವ್ಯಾನು ಕೆಟ್ಟರೆ ಆ ವಾರದ ಗಳಿಕೆ ಗ್ಯಾರೇಜಿಗೆ. ಕಾಯಿಲೆ ಬಂದರೆ ಇನ್ನೂ ಕಷ್ಟ. ಆ ದೇಶದಲ್ಲಿ ಎಲ್ಲರಿಗೂ ಸರಕಾರಿ ಆರೋಗ್ಯ ವಿಮೆಯಿಲ್ಲ. ಅನೇಕರಿಗೆ ಅದು ನೌಕರಿಯ ಜೊತೆಗೆ ಸಿಗುವ ವಸ್ತು. ನೌಕರಿಯಿಲ್ಲದ ಹಾಡುಗಾರನು ಆಸ್ಪತ್ರೆಯ ಒಂದೇ ಬಿಲ್ಲಿನಿಂದ ಮನೆ ಕಳೆದುಕೊಳ್ಳುವ ಸ್ಥಿತಿಗೆ ಬರಬಹುದು. 1950ರ ದಶಕದ ನಡುವೆ ರಾಕ್ ಅಂಡ್ ರೋಲ್ ಎಂಬ ಹೊಸ ಅಲೆ ಎದ್ದಾಗಲಂತೂ ಈ ಹಳೆಯ ಹಾಡುಗಳನ್ನು ಕೇಳುವವರೇ ಕಡಿಮೆಯಾಗಿ ಎಷ್ಟೋ ತಂಡಗಳು ಮುರಿದುಹೋದವು.

ಈ ಸಂಗೀತಕ್ಕೆ ಹೆಸರು ಬಂದದ್ದು ಬಿಲ್ ಮನ್ರೋ ಎಂಬವನ ತಂಡದಿಂದ. ಅವನು 1911ರಲ್ಲಿ ಕೆಂಟಕಿಯ ರೋಸಿನ್ ಎಂಬ ಹಳ್ಳಿಯಲ್ಲಿ ಎಂಟು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದನು. ಒಂದು ಕಣ್ಣು ಒಳಮುಖವಾಗಿ ವಾಲಿಕೊಂಡಿತ್ತು, ದೃಷ್ಟಿಯೂ ಮಂದ. ನಾಚಿಕೆಯ ಹುಡುಗ. ಹತ್ತನೇ ವಯಸ್ಸಿಗೆ ತಾಯಿಯನ್ನೂ ಹದಿನಾರನೇ ವಯಸ್ಸಿಗೆ ತಂದೆಯನ್ನೂ ಕಳೆದುಕೊಂಡನು. ಅಣ್ಣಂದಿರು ಕೆಲಸ ಹುಡುಕಿ ಊರು ಬಿಟ್ಟರು. ಪೆನ್ ಎಂಬ ಸೋದರಮಾವ, ತಾನೇ ಕುಂಟನಾಗಿದ್ದ ಬಡವ, ತನ್ನ ಗುಡಿಸಲಿನಲ್ಲಿ ಅವನಿಗೆ ಜಾಗ ಕೊಟ್ಟು ಪಿಟೀಲಿನ ಮಟ್ಟುಗಳನ್ನು ಕಲಿಸಿದನು. ಸೋದರಮಾವನದ್ದು ರಕ್ತಸಂಬಂಧ, ಅದನ್ನು ಬಿಡೋಣ.

ಆದರೆ ಅದೇ ಸೀಮೆಯಲ್ಲಿ ಆರ್ನಾಲ್ಡ್ ಶುಲ್ಟ್ಸ್ ಎಂಬ ಒಬ್ಬ ಕರಿಯನಿದ್ದನು. ಗುಲಾಮಗಿರಿಯಲ್ಲಿ ಹುಟ್ಟಿದ ತಂದೆಯ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತ, ಸಂಜೆಯಾದರೆ ಊರೂರಿನ ಕೂಟಗಳಲ್ಲಿ ಗಿಟಾರ್ ಮತ್ತು ಪಿಟೀಲು ನುಡಿಸುತ್ತಿದ್ದನು. ಕರಿಯರೂ ಬಿಳಿಯರೂ ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಬಾರದೆಂದು ಕಾನೂನೇ ಹೇಳುತ್ತಿದ್ದ ಕಾಲ ಅದು. ಆ ಕಾಲದಲ್ಲಿ ಶುಲ್ಟ್ಸ್ ಈ ಅನಾಥ ಬಿಳಿ ಹುಡುಗನನ್ನು ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ನುಡಿಸಲು ಬಿಟ್ಟನು. ರಾತ್ರಿಯಿಡೀ ನುಡಿಸಿ ಸಿಕ್ಕಿದ ಹಣದಲ್ಲಿ ಅವನಿಗೂ ಕೊಟ್ಟನು. ಮನ್ರೋ ಸಂಗೀತದಿಂದ ಪಡೆದ ಮೊದಲ ಸಂಪಾದನೆಗಳು ಅವು. ಇಲ್ಲಿ ಕೊಟ್ಟವನು ಯಾರು, ಪಡೆದವನು ಯಾರು ಎಂಬುದನ್ನು ಗಮನಿಸಬೇಕು. ಸಮಾಜದ ಲೆಕ್ಕದಲ್ಲಿ ಹುಡುಗನೇ ಮೇಲಿನವನು. ಕೆಳಗಿನವನೆಂದು ಎಣಿಸಲ್ಪಟ್ಟವನ ಕೈಯೇ ಆ ದಿನಗಳಲ್ಲಿ ಮೇಲಿತ್ತು. ಶುಲ್ಟ್ಸ್ 1931ರಲ್ಲಿ ತೀರಿಕೊಂಡನು. ಅವನ ಒಂದೇ ಒಂದು ಧ್ವನಿಮುದ್ರಣವೂ ಉಳಿದಿಲ್ಲ. ಮನ್ರೋ ಮುಂದೆ ಪ್ರಸಿದ್ಧನಾಗಿ, 1996ರಲ್ಲಿ ಸಾಯುವ ತನಕವೂ ಅವನ ಹೆಸರನ್ನು ಹೇಳುತ್ತಿದ್ದುದರಿಂದಲೇ ಲೋಕಕ್ಕೆ ಅವನು ಗೊತ್ತು. 2020ರಲ್ಲಿ ಅಮೆರಿಕದ ಬ್ಲೂಗ್ರಾಸ್ ಸಂಘಟನೆಯ ಪ್ರತಿಷ್ಠಾನವು, ಬಿಳಿಯರಲ್ಲದ ಕಲಾವಿದರಿಗೆ ನೆರವಾಗಲು ಒಂದು ನಿಧಿ ತೆರೆದಾಗ ಅದಕ್ಕೆ ಅವನ ಹೆಸರನ್ನೇ ಇಟ್ಟಿತು. ತೊಂಬತ್ತು ವರ್ಷಗಳ ನಂತರ.

ಇಷ್ಟು ಹೇಳಿ ಮನ್ರೋನನ್ನು ಸಂತನನ್ನಾಗಿ ಮಾಡುವುದು ಸರಿಯಲ್ಲ. ಔದಾರ್ಯವನ್ನು ಪಡೆದವನು ತಾನೂ ಉದಾರಿಯೇ ಆಗುತ್ತಾನೆ ಎಂಬ ನಿಯಮವಿಲ್ಲ. ಅವನ ತಂಡದಲ್ಲಿ ಸಂಬಳ ಕಡಿಮೆ, ದುಡಿಮೆ ಹೆಚ್ಚು. ತಂಡದ ಇಬ್ಬರು ಶ್ರೇಷ್ಠರಾದ ಫ್ಲಾಟ್ ಮತ್ತು ಸ್ಕ್ರಗ್ಸ್ 1948ರಲ್ಲಿ ಹೊರಟುಹೋಗಿ ಬೇರೆ ತಂಡ ಕಟ್ಟಿದಾಗ ಅವನು ಎರಡು ದಶಕಗಳಿಗೂ ಹೆಚ್ಚು ಕಾಲ ಅವರೊಂದಿಗೆ ಮಾತು ಬಿಟ್ಟನು. 1971ರಲ್ಲಿ ಒಂದು ಉತ್ಸವದಲ್ಲಿ ಫ್ಲಾಟ್ ಎದುರಾದಾಗ ಕೈಕುಲುಕಿದನು. ಆದರೂ ಅದೇ ಮನ್ರೋ ಹೆಸರಿಲ್ಲದ ನೂರಕ್ಕೂ ಹೆಚ್ಚು ಹುಡುಗರಿಗೆ ತನ್ನ ತಂಡದಲ್ಲಿ ಒಂದು ಜಾಗ ಕೊಟ್ಟನು. ಮನುಷ್ಯನೆಂದರೆ ಹೀಗೆಯೇ ಬೆರಕೆ.

ಇನ್ನೊಬ್ಬನ ಕಥೆ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು. ಆರ್ಥಲ್ ವಾಟ್ಸನ್, ಜನರ ಬಾಯಲ್ಲಿ ಡಾಕ್ ವಾಟ್ಸನ್, 1923ರಲ್ಲಿ ಉತ್ತರ ಕೆರೊಲಿನಾದ ಡೀಪ್ ಗ್ಯಾಪ್ ಎಂಬಲ್ಲಿ ಹುಟ್ಟಿದನು. ಎಳೆಗೂಸಾಗಿರುವಾಗಲೇ ಕಣ್ಣಿನ ಸೋಂಕಿನಿಂದ ಕುರುಡನಾದನು. ಅವನ ತಂದೆ ಮಾಡಿದ ಒಂದು ಕೆಲಸವನ್ನು ಅಂಗವಿಕಲ ಮಕ್ಕಳಿರುವ ತಂದೆತಾಯಂದಿರು ಕೇಳಬೇಕು. ಹುಡುಗನು ಹದಿನಾಲ್ಕರ ಆಸುಪಾಸಿನಲ್ಲಿರುವಾಗ, ಮರ ಕೊಯ್ಯುವ ಇಬ್ಬರು ಹಿಡಿಯುವ ಗರಗಸದ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾನು ಹಿಡಿದನು. ಕುರುಡನೆಂದು ಮೂಲೆಯಲ್ಲಿ ಕುಳ್ಳಿರಿಸಲಿಲ್ಲ. ತಾನು ಕೆಲಸಕ್ಕೆ ಬಾರದವನಲ್ಲವೆಂಬ ಅರಿವು ಅಂದು ತನಗೆ ಬಂತೆಂದು ವಾಟ್ಸನ್ ಮುಪ್ಪಿನಲ್ಲೂ ಹೇಳುತ್ತಿದ್ದನು. ಮರ ಕೊಯ್ದ ಹಣದಿಂದ ಒಂದು ಗಿಟಾರನ್ನೂ ಕೊಂಡನು.

ಮದುವೆಯಾಗಿ ಇಬ್ಬರು ಮಕ್ಕಳಾದಾಗ ಅವನ ಬದುಕು ಪಿಯಾನೋಗಳ ಶ್ರುತಿ ಸರಿಪಡಿಸುವ ಕೆಲಸ, ಊರಿನ ಕೂಟಗಳಲ್ಲಿ ವಿದ್ಯುತ್ ಗಿಟಾರ್ ಮತ್ತು ಕುರುಡರಿಗೆ ಸರಕಾರ ಕೊಡುವ ಸಹಾಯಧನದ ಮೇಲೆ ನಿಂತಿತ್ತು. 1960ರಲ್ಲಿ ರಾಲ್ಫ್ ರಿಂಜ್ಲರ್ ಎಂಬ ಯುವಕನು ಇನ್ನೊಬ್ಬ ಹಳೆಯ ಗಾಯಕನನ್ನು ಹುಡುಕಿಕೊಂಡು ಆ ಕಡೆ ಬಂದನು. ನ್ಯೂಯಾರ್ಕಿನ ಕಡೆಯ, ಓದಿದ, ನಗರದ ಹುಡುಗ. ಬೆಟ್ಟದ ಜನರಿಗೂ ಅವನಿಗೂ ಯಾವ ನಂಟೂ ಇಲ್ಲ. ವಾಟ್ಸನ್‌ನನ್ನು ಕೇಳಿದ ಮೇಲೆ ಅವನು ಸುಮ್ಮನೆ ಹೊಗಳಿ ಹೋಗಲಿಲ್ಲ. ಅವನೂ ಗೆಳೆಯರೂ ಸೇರಿ, ಲಾಭದ ಆಸೆಯಿಲ್ಲದೆ, ಹಳ್ಳಿಯ ಹಳೆಯ ಕಲಾವಿದರನ್ನು ನಗರಕ್ಕೆ ಕರೆಸುವ ಒಂದು ಪುಟ್ಟ ಬಳಗ ಕಟ್ಟಿದರು. 1961ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಒಂದು ಶಾಲೆಯ ಸಭಾಂಗಣದಲ್ಲಿ ವಾಟ್ಸನ್ ಹಾಡಿದನು. ಮುಂದಿನ ವರ್ಷಗಳಲ್ಲಿ ಅವನು ಒಬ್ಬನೇ ಬಸ್ಸಿನಲ್ಲಿ ನೂರಾರು ಮೈಲಿ ಪ್ರಯಾಣ ಮಾಡಿದ್ದುಂಟು. ಕಣ್ಣಿಲ್ಲದವನೊಬ್ಬನು ಕೈಯಲ್ಲಿ ಗಿಟಾರ್ ಪೆಟ್ಟಿಗೆ ಹಿಡಿದು ದೊಡ್ಡ ಬಸ್ ನಿಲ್ದಾಣಗಳಲ್ಲಿ ಬಸ್ಸು ಬದಲಿಸುವುದನ್ನು ಒಮ್ಮೆ ಊಹಿಸಿ. ಯಾರೋ ಒಬ್ಬರು ತೋಳು ಹಿಡಿದು ಸರಿಯಾದ ಬಸ್ಸಿನ ಬಾಗಿಲಿಗೆ ಬಿಡದೆ ಅಂಥ ಪ್ರಯಾಣ ಸಾಧ್ಯವೇ? ಆ ಕೈಗಳು ಯಾರವೆಂದು ಎಲ್ಲೂ ಬರೆದಿಟ್ಟಿಲ್ಲ. ರಿಂಜ್ಲರ್‌ನ ಹೆಸರು ಪುಸ್ತಕಗಳಲ್ಲಿದೆ. 1963ರಲ್ಲಿ ಅವನು, ಮಾರುಕಟ್ಟೆ ಕುಸಿದು ಕಷ್ಟದಲ್ಲಿದ್ದ ಮನ್ರೋನ ವ್ಯವಹಾರವನ್ನೂ ವಹಿಸಿಕೊಂಡು ಅವನನ್ನು ಹೊಸ ಕೇಳುಗರ ಮುಂದೆ ನಿಲ್ಲಿಸಿದನು. ತೋಳು ಹಿಡಿದವರಿಗೆ ಪುಸ್ತಕವಿಲ್ಲ.

ಈ ವಾಟ್ಸನ್ ಮುಂದೆ ದೇಶದ ದೊಡ್ಡ ಗೌರವಗಳನ್ನೆಲ್ಲ ಪಡೆದನು. 2011ರಲ್ಲಿ, ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, ಬೂನ್ ಪಟ್ಟಣದಲ್ಲಿ ಅವನ ಪ್ರತಿಮೆ ಇಟ್ಟರು. ತಾನು ಜನರಲ್ಲಿ ಒಬ್ಬ ಎಂದಷ್ಟೇ ಅದರ ಮೇಲೆ ಬರೆಯಬೇಕೆಂಬುದು ಅವನ ಹಠ. ಹಾಗೆಯೇ ಬರೆದರು. ಟ್ರ್ಯಾಕ್ಟರ್ ಅಪಘಾತದಲ್ಲಿ 1985ರಲ್ಲಿ ತೀರಿಹೋದ ಮಗ ಮರ್ಲ್‌ನ ನೆನಪಿಗಾಗಿ 1988ರಲ್ಲಿ ಆರಂಭವಾದ ಉತ್ಸವದ ಆದಾಯವು ಇಂದಿಗೂ ಆ ಬಡ ಜಿಲ್ಲೆಯ ಒಂದು ಸಮುದಾಯ ಕಾಲೇಜಿಗೆ ಹೋಗುತ್ತದೆ.

ಈಗ ಬಿಟ್ಟುಬಂದ ಪ್ರಶ್ನೆಗೆ ಮರಳೋಣ. ಕೊಡುವವನು ಪಡೆಯುವವನನ್ನು ಎಷ್ಟರ ಮಟ್ಟಿಗೆ ಪರೀಕ್ಷಿಸಬೇಕು? ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಹ. ಅಬೂಹುರೈರಾ(ರ)ರಿಂದ ವರದಿಯಾದ ಒಂದು ಪ್ರಸಂಗ ನಮಗೆಲ್ಲ ಪರಿಚಿತ. ಒಬ್ಬನು ರಾತ್ರಿಯ ಕತ್ತಲಲ್ಲಿ ಗುಟ್ಟಾಗಿ ದಾನ ಕೊಡಲು ಹೊರಡುತ್ತಾನೆ. ಮೊದಲ ರಾತ್ರಿ ಅದು ಕಳ್ಳನ ಕೈ ಸೇರುತ್ತದೆ. ಬೆಳಗಾದರೆ ಊರೆಲ್ಲ ಅದನ್ನೇ ಆಡಿಕೊಳ್ಳುತ್ತದೆ. ಎರಡನೇ ರಾತ್ರಿ ವ್ಯಭಿಚಾರಿಣಿಯ ಕೈಗೆ, ಮೂರನೇ ರಾತ್ರಿ ಸಿರಿವಂತನ ಕೈಗೆ. ಮೂರು ದಿನವೂ ಅವನು ನಗೆಪಾಟಲಾಗುತ್ತಾನೆ. ಆದರೆ ಅವನ ದಾನ ವ್ಯರ್ಥವಾಗಲಿಲ್ಲವೆಂದು ಅವನಿಗೆ ತಿಳಿಸಲಾಗುತ್ತದೆ. ಕಳ್ಳನು ಕಳವನ್ನು ಬಿಡಬಹುದು, ಆ ಹೆಂಗಸು ತನ್ನ ದಾರಿಯನ್ನು ಬಿಡಬಹುದು, ಸಿರಿವಂತನು ನಾಚಿಕೊಂಡು ತಾನೂ ಕೊಡಲು ಕಲಿಯಬಹುದು. ಈ ಪ್ರಸಂಗವನ್ನು ನಾವು ನಿಯ್ಯತ್‌ನ ಪಾಠವಾಗಿ ಓದುತ್ತೇವೆ. ಸರಿಯೇ. ಆದರೆ ಇನ್ನೊಂದು ಸಂಗತಿಯೂ ಅದರಲ್ಲಿದೆ: ಅವನನ್ನು ನೋಡಿ ಆಡಿಕೊಂಡವರ ಪೈಕಿ ಯಾರಾದರೂ ಆ ರಾತ್ರಿ ಏನಾದರೂ ಕೊಟ್ಟಿದ್ದರೆಂದು ಅಲ್ಲಿ ಹೇಳಿಲ್ಲ.

ಝಕಾತ್‌ನ ವಿಷಯದಲ್ಲಿ ಹಕ್ಕುದಾರನನ್ನು ಗುರುತಿಸಿ ಕೊಡುವ ಹೊಣೆ ಇದ್ದೇ ಇದೆ. ಸಂಘಟಿತ ವಂಚನೆಗೆ ಹಣ ಸುರಿಯಿರಿ ಎಂದೂ ಯಾರೂ ಹೇಳುತ್ತಿಲ್ಲ. ಆದರೆ ದಾರಿಯಲ್ಲಿ ನಿಂತವನಿಗೆ ಒಂದು ಊಟ, ಒಂದು ರಾತ್ರಿಯ ಹಾಸಿಗೆ, ಬಸ್ಸಿನ ಚಾರ್ಜು ಕೊಡುವುದಕ್ಕೂ ನಾವು ನ್ಯಾಯಾಲಯದ ವಿಚಾರಣೆ ನಡೆಸುತ್ತೇವಲ್ಲ, ಅದು ವಿವೇಕವೋ ಜಿಪುಣತನವೋ ಎಂದು ನಮ್ಮೊಳಗೆ ಕೇಳಿಕೊಳ್ಳಬೇಕು. ಬ್ಲೂಗ್ರಾಸ್ ತಂಡಗಳ ಓಡಾಟದಲ್ಲಿ ಬಹಳ ಹಿಂದಿನಿಂದಲೂ ಒಂದು ರೂಢಿಯಿದೆ. ಕಾರ್ಯಕ್ರಮ ಮುಗಿದ ಮೇಲೆ ಕೇಳುಗರಲ್ಲೇ ಯಾರಾದರೂ ತಂಡದವರನ್ನು ಮನೆಗೆ ಕರೆದು ಮಲಗಲು ಜಾಗ ಕೊಡುತ್ತಾರೆ, ಬೆಳಗ್ಗೆ ತಿಂಡಿ ಕೊಟ್ಟು ಕಳುಹಿಸುತ್ತಾರೆ. ಇನ್ನು ಕೆಲವರು ತಮ್ಮ ಮನೆಯ ನಡುಕೋಣೆಯಲ್ಲೇ ನಾಲ್ವತ್ತು ಜನರನ್ನು ಕೂಡಿಸಿ ಹಾಡಿಸುತ್ತಾರೆ. ಮನೆಯವರು ಅದರಲ್ಲಿ ಒಂದು ಕಾಸನ್ನೂ ಇಟ್ಟುಕೊಳ್ಳದೆ ಸಂಗ್ರಹವಾದದ್ದನ್ನು ಹಾಡುಗಾರರಿಗೆ ಕೊಡುತ್ತಾರೆ. 1965ರಲ್ಲಿ ವರ್ಜೀನಿಯಾದ ಫಿಂಕಾಸಲ್ ಬಳಿಯ ಕುದುರೆ ಸಾಕಣೆಯ ಬಯಲೊಂದರಲ್ಲಿ ಕಾರ್ಲ್‌ಟನ್ ಹೇನಿ ಎಂಬವನು ಹಲವು ದಿನಗಳ ಮೊದಲ ಬ್ಲೂಗ್ರಾಸ್ ಉತ್ಸವ ನಡೆಸಿದ ನಂತರ ಇಂಥ ಬಯಲುಕೂಟಗಳು ಎಲ್ಲೆಡೆ ಹುಟ್ಟಿಕೊಂಡವು. ಅಲ್ಲಿ ಡೇರೆ ಹಾಕಿದವರು ಪಕ್ಕದ ಡೇರೆಯವನ ಹೆಸರು ಕೇಳುವ ಮೊದಲೇ ಊಟಕ್ಕೆ ಕರೆಯುತ್ತಾರೆ. ಅತಿಥಿಸತ್ಕಾರದಲ್ಲಿ ಹ. ಇಬ್ರಾಹೀಮ್(ಅ)ರ ಪರಂಪರೆ ನಮ್ಮದೆಂದು ಹೇಳಿಕೊಳ್ಳುವ ನಾವು ಇದನ್ನು ಕೇಳಿ ಸ್ವಲ್ಪ ಸುಮ್ಮನಿರುವುದು ಒಳ್ಳೆಯದು.

1985ರಲ್ಲಿ ಈ ಕಲಾವಿದರ ಅಂತಾರಾಷ್ಟ್ರೀಯ ಸಂಘಟನೆ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ ಒಂದು ನೆರವು ನಿಧಿ ಆರಂಭವಾಯಿತು. ಕಾಯಿಲೆ, ಅಪಘಾತ, ಬೆಂಕಿ, ನೆರೆ ಮೊದಲಾದ ಆಪತ್ತುಗಳಲ್ಲಿ ಸಿಕ್ಕಿದ ಕಲಾವಿದರಿಗೆ ಅದು ಹಣ ಕೊಡುತ್ತದೆ. ಪಡೆದವರ ಹೆಸರನ್ನು ಗುಟ್ಟಾಗಿ ಇಡುತ್ತದೆ. ಹಣ ಹಾಕಿದವನಿಗೆ ಅದು ಯಾರಿಗೆ ಹೋಯಿತೆಂದು ತಿಳಿಯದು. ಇಂದು ಅಕ್ಕಿಯ ಚೀಲ ಕೊಡುವಾಗ ಫೋಟೋ, ಹೊಲಿಗೆಯಂತ್ರ ಕೊಡುವಾಗ ಫೋಟೋ, ಪಡೆದ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೂ ಬಿಡದೆ ಫೋಟೋ ತೆಗೆಯುವ ನಮ್ಮ ಸಂಘಸಂಸ್ಥೆಗಳು ಈ ಒಂದು ನಿಯಮವನ್ನಾದರೂ ಗಮನಿಸಲಿ.

ಹೊಸ ಕಾಲದ ಉದಾಹರಣೆಯೂ ಇದೆ. 1992ರಲ್ಲಿ ಹುಟ್ಟಿದ ಬಿಲ್ಲಿ ಸ್ಟ್ರಿಂಗ್ಸ್ ಇಂದು ಬ್ಲೂಗ್ರಾಸ್‌ನ ಅತ್ಯಂತ ಜನಪ್ರಿಯ ಗಿಟಾರ್ ವಾದಕ. ಹದಿಹರೆಯದಲ್ಲಿ ಮನೆಯ ಸ್ಥಿತಿ ಹದಗೆಟ್ಟು ಹೊರಬಿದ್ದು, ಗೆಳೆಯರ ಮನೆಗಳಲ್ಲಿ ಮಲಗಿ ದಿನ ಕಳೆದುದನ್ನು ಅವನೇ ಹೇಳಿಕೊಂಡಿದ್ದಾನೆ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತವು ಉತ್ತರ ಕೆರೊಲಿನಾದ ಬೆಟ್ಟದ ಊರುಗಳನ್ನು ಕೊಚ್ಚಿಕೊಂಡು ಹೋದಾಗ, ಮುಂದಿನ ತಿಂಗಳು ಷಾರ್ಲಟ್ ನಗರದಲ್ಲಿ ನಡೆದ ಸಹಾಯಾರ್ಥ ಕಾರ್ಯಕ್ರಮದಲ್ಲಿ ಹಾಡಿದವರಲ್ಲಿ ಅವನೂ ಒಬ್ಬ. ಸಂಗ್ರಹವಾದದ್ದು 2.4 ಕೋಟಿ ಡಾಲರಿಗೂ ಹೆಚ್ಚು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಲೇಬೇಕು. ಈ ಕಲಾವಿದರಲ್ಲಿ ಅನೇಕರು ಅಪರಿಚಿತರ ಔದಾರ್ಯಕ್ಕೆ ಕೈಯೊಡ್ಡಬೇಕಾಗಿ ಬಂದದ್ದೇಕೆ? ಅವರಿಗೆ ಸಲ್ಲಬೇಕಾದ ಹಕ್ಕು ಸಲ್ಲದ್ದರಿಂದ. ಹಾಡಿದವನೊಬ್ಬ, ಧ್ವನಿಮುದ್ರಿಕೆಯ ಹಣ ಎಣಿಸಿದವನು ಇನ್ನೊಬ್ಬ. ಕೂಲಿಯವನ ಬೆವರು ಒಣಗುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಉಪದೇಶದ ಮುಂದೆ ದಾನದ ಮಾತು ಎರಡನೆಯದು. ಕೂಲಿಯನ್ನು ನುಂಗಿ ದಾನ ಕೊಡುವವನು ಕೊಡುವುದು ಯಾರ ಹಣವನ್ನು?

ಹೀಗಾಗಿ ಕೊನೆಗೆ ಹೇಳಬೇಕಾದ ಪ್ರಸಂಗ ದಾನದ್ದಲ್ಲ, ಹಕ್ಕಿನದು. ಆದರೆ ಯಾರೂ ನಿರೀಕ್ಷಿಸದಿದ್ದದ್ದು. 1959ರಲ್ಲಿ ಅಲನ್ ಲೊಮ್ಯಾಕ್ಸ್ ಎಂಬ ಜಾನಪದ ಸಂಗ್ರಾಹಕನು ಮಿಸಿಸಿಪ್ಪಿ ರಾಜ್ಯದ ಒಂದು ಸೆರೆಮನೆಯಲ್ಲಿ ಕೊಡಲಿ ಹಿಡಿದು ಸೌದೆ ಕಡಿಯುತ್ತಿದ್ದ ಕರಿಯ ಕೈದಿಗಳ ಹಾಡನ್ನು ಧ್ವನಿಮುದ್ರಿಸಿಕೊಂಡನು. ಮುಂದಾಳಾಗಿ ಹಾಡಿದವನ ಹೆಸರನ್ನು ಬರೆದಿಟ್ಟುಕೊಂಡನು: ಜೇಮ್ಸ್ ಕಾರ್ಟರ್. ನಾಲ್ವತ್ತು ವರ್ಷಗಳ ನಂತರ, 2000ದಲ್ಲಿ, ಅಮೆರಿಕದ ದಕ್ಷಿಣದ ಹಳೆಯ ಹಾಡುಗಳಿಂದ ತುಂಬಿದ ಒಂದು ಚಲನಚಿತ್ರದ ಧ್ವನಿಮುದ್ರಿಕೆಯಲ್ಲಿ, ರಾಲ್ಫ್ ಸ್ಟ್ಯಾನ್ಲಿಯಂಥ ಹಿರಿಯ ಬ್ಲೂಗ್ರಾಸ್ ಗಾಯಕರ ಜೊತೆಗೆ, ಆ ಹಾಡನ್ನೂ ಸೇರಿಸಲಾಯಿತು. ಅದರ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಹಕ್ಕುಧನ ಕೂಡಿಬಿದ್ದಿತು. ಕೇಳಲು ಯಾರೂ ಬರಲಿಲ್ಲ. ಸುಮ್ಮನಿದ್ದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಲೊಮ್ಯಾಕ್ಸ್ ಸಂಗ್ರಹಾಲಯದವರೂ ಒಬ್ಬ ಪತ್ರಕರ್ತನೂ ಹಳೆಯ ದಾಖಲೆಗಳನ್ನು ಕೆದಕಿ, ಆ ಹೆಸರಿನ ನೂರಾರು ಮಂದಿಯ ನಡುವೆ ಆ ಒಬ್ಬನನ್ನು ಹುಡುಕಿದರು. 2002ರಲ್ಲಿ ಷಿಕಾಗೋ ನಗರದಲ್ಲಿ ಅವನು ಸಿಕ್ಕಿದನು. 76 ವರ್ಷ. ಹೆಂಡತಿ, ಮಕ್ಕಳೊಂದಿಗೆ ಇದ್ದನು. ಅಂಥದೊಂದು ಹಾಡನ್ನು ತಾನು ಹಾಡಿದ್ದೇ ಅವನಿಗೆ ನೆನಪಿರಲಿಲ್ಲ. ಮೊದಲ ಕಂತಾಗಿ 20,000 ಡಾಲರಿನ ಚೆಕ್ಕನ್ನು ಅವನ ಕೈಯಲ್ಲಿಟ್ಟರು. ಆ ತಿಂಗಳೇ ಆ ಧ್ವನಿಮುದ್ರಿಕೆಗೆ ವರ್ಷದ ಶ್ರೇಷ್ಠ ಪ್ರಶಸ್ತಿ ಬಂದಾಗ ಅವನೂ ಮನೆಯವರೂ ಲಾಸ್ ಏಂಜಲೀಸ್‌ನ ಸಭೆಯಲ್ಲಿದ್ದರು. ಮುಂದಿನ ವರ್ಷ ಅವನು ತೀರಿಕೊಂಡನು.

ಆ ಧ್ವನಿಮುದ್ರಿಕೆಯ ಮೇಲೆ ಹಾಡಿದವರ ಹೆಸರನ್ನು ಹೀಗೆ ಅಚ್ಚು ಹಾಕಲಾಗಿದೆ: ಜೇಮ್ಸ್ ಕಾರ್ಟರ್ ಮತ್ತು ಕೈದಿಗಳು. ಅಂದು ಅವನೊಂದಿಗೆ ಕೊಡಲಿಯೆತ್ತಿ ದನಿಗೂಡಿಸಿದ ಉಳಿದವರಿಗೆ ಅಲ್ಲಿ ಹೆಸರಿಲ್ಲ.